ತುಂಟ ನಾಯಿಮರಿಗೆ ಓಟಕ್ಕಿಂತ ಮೊದಲು ನಿದ್ದೆ

ಸಂಜೆಯಾದರೆ ಸಾಕು, ಮರಿಗೆ ಮೈಮೇಲೆ ಬಂದಂತಾಗುತ್ತದೆ. ಸೋಫಾ ಸುತ್ತ ದಿಕ್ಕೆಟ್ಟ ಓಟ, ಪ್ಯಾಂಟಿನ ಅಂಚು ಹಿಡಿದು ಜಗ್ಗಾಟ, ಬಿಡಿಸಲು ಹೋದ ಕೈಗೆ ಹಲ್ಲು. ಇನ್ನೂ ಶಕ್ತಿ ಉಳಿದಿದೆ ಎಂದುಕೊಂಡು ಮನೆಯವರು ಚೆಂಡು ಎಸೆಯಲು ಶುರು ಮಾಡುತ್ತಾರೆ. ಎಡವಟ್ಟಾಗುವುದು ಅಲ್ಲೇ. ಎರಡು–ಮೂರು ತಿಂಗಳ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು. ನಿದ್ದೆಗೆಟ್ಟ ಕೂಸು ರಚ್ಚೆ ಹಿಡಿದರೆ, ನಿದ್ದೆಗೆಟ್ಟ ಮರಿ ಕಚ್ಚುತ್ತದೆ.

ಆದ್ದರಿಂದ ಗಡಿಯಾರ ನೋಡಿ ಮಲಗಿಸಿ. ಎದ್ದು ಸುಮಾರು ಒಂದು ಗಂಟೆ ಊಟ, ಆಟ. ಆಮೇಲೆ ಒಂದೂವರೆ–ಎರಡು ಗಂಟೆ ನಿದ್ದೆ. ತಾನಾಗಿಯೇ ಮಲಗಲಿ ಎಂದು ಕಾಯಬೇಡಿ, ಜನ ಓಡಾಡುವ ಕೋಣೆಯಲ್ಲಿ ಅದು ಮಲಗುವುದಿಲ್ಲ. ಕ್ರೇಟ್ (ಮರಿ ಮಲಗಲು ಇಡುವ ಬಾಗಿಲಿರುವ ಗೂಡು) ಇಡುವುದಾದರೆ ಮರಿ ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಸಾಕು. ತೀರಾ ದೊಡ್ಡದಾದರೆ ಒಂದು ಮೂಲೆಯಲ್ಲಿ ಉಚ್ಚೆ ಹೊಯ್ದು ಇನ್ನೊಂದರಲ್ಲಿ ಮಲಗುತ್ತದೆ. ಮೊದಲ ಕೆಲವು ದಿನ ಬಾಗಿಲು ತೆರೆದಿಟ್ಟು ಒಳಗೇ ಊಟ ಹಾಕಿ, ನಂತರ ನಿಮಿಷ ಎರಡು ನಿಮಿಷ ಮುಚ್ಚಿ ನೋಡಿ. ಶಿಕ್ಷೆಗೆಂದು ಒಮ್ಮೆ ಅದರೊಳಗೆ ತಳ್ಳಿದಿರೋ, ಮಾಡಿದ್ದೆಲ್ಲ ನೀರುಪಾಲು.

ಇನ್ನು ಕಚ್ಚಾಟ. ಮರಿಯ ಬಾಯಲ್ಲಿರುವುದು ಸೂಜಿಯಂಥ 28 ಹಾಲುಹಲ್ಲು. ನಾಲ್ಕನೇ ತಿಂಗಳ ಆಸುಪಾಸಿಗೆ ಅವು ಬೀಳತೊಡಗಿ, ಆರೇಳು ತಿಂಗಳಿಗೆ 42 ಗಟ್ಟಿಹಲ್ಲು ಬರುತ್ತವೆ. ಹಲ್ಲು ಚರ್ಮಕ್ಕೆ ತಾಗಿದಾಗ ಕೈಯನ್ನು ಸರಕ್ಕನೆ ಎಳೆದುಕೊಂಡರೆ, ಓಡುವ ಬೇಟೆ ಎಂದೇ ಅದು ತಿಳಿಯುತ್ತದೆ. ಕೈಯನ್ನು ಸಡಿಲ ಬಿಡಿ, ಮಾತು ನಿಲ್ಲಿಸಿ, ಎದ್ದು ಬಾಗಿಲಾಚೆ ಹೋಗಿ. ಹದಿನೈದು–ಇಪ್ಪತ್ತು ಸೆಕೆಂಡಿಗೆ ಮರಳಿ, ಬಾಯಿಗೆ ಆಟಿಕೆ ಕೊಡಿ. ಒಬ್ಬರು ಹೀಗೆ ಮಾಡಿ ಇನ್ನೊಬ್ಬರು ನಗುತ್ತಾ ಕಚ್ಚಿಸಿಕೊಂಡರೆ ತಿಂಗಳಾದರೂ ಚಾಳಿ ಬಿಡದು. ಮೂತಿಗೆ ಹೊಡೆಯುವುದು, ಬಾಯಿ ಅದುಮಿ ಹಿಡಿಯುವುದು ಬೇಡ. ಕೈ ಕಂಡರೆ ಹೆದರುವ ನಾಯಿಯೇ ಮುಂದೆ ನಿಜವಾಗಿ ಕಚ್ಚುವುದು. ಒಸಡು ತುರಿಸುವಾಗ ಒದ್ದೆ ಬಟ್ಟೆಯನ್ನು ಹಿಂಡಿ, ತಿರುಚಿ, ಫ್ರೀಜರಿನಲ್ಲಿಟ್ಟು ಕೊಡಿ, ಎಳೆ ಕಿತ್ತು ನುಂಗದಂತೆ ಪಕ್ಕದಲ್ಲೇ ಕೂತು. ಉಗುರು ಒತ್ತಿದರೂ ಗುರುತು ಬೀಳದಷ್ಟು ಗಟ್ಟಿಯಾದ ವಸ್ತು ಕೊಟ್ಟರೆ ಹಲ್ಲು ಮುರಿದೀತು.

ಉಚ್ಚೆಯ ಲೆಕ್ಕ ಸುಲಭ: ಎದ್ದ ಕೂಡಲೇ, ಉಂಡ ಮೇಲೆ, ಆಟ ಮುಗಿದ ಮೇಲೆ. ಮೂರು ತಿಂಗಳ ಮರಿ ಹೆಚ್ಚೆಂದರೆ ನಾಲ್ಕು ಗಂಟೆ ತಡೆದೀತು, ಅದೂ ಮಲಗಿದ್ದಾಗ. ಎಚ್ಚರವಿದ್ದಾಗ ಗಂಟೆಗೊಮ್ಮೆ ಕರೆದೊಯ್ಯಿರಿ. ಬೆಲ್ಟ್ ಕಟ್ಟಿ, ಪ್ರತಿಸಲ ಅದೇ ಜಾಗಕ್ಕೆ ಹೋಗಿ, ಕಂಬದಂತೆ ನಿಲ್ಲಿ. ಮೂಸುತ್ತದೆ, ಸುತ್ತುತ್ತದೆ, ನಿಮ್ಮ ಚಪ್ಪಲಿ ಎಳೆಯುತ್ತದೆ. ನಿಮ್ಮಿಂದ ಆಟ ಸಿಗದಿದ್ದರೆ ಕೊನೆಗೆ ಕೂರುತ್ತದೆ. ಮುಗಿದ ಕ್ಷಣವೇ, ನಿಂತಲ್ಲೇ ತಿನಿಸು ಕೊಡಿ. ಮನೆಯೊಳಗೆ ಬಂದು ಕೊಟ್ಟರೆ ಒಳಗೆ ಬಂದಿದ್ದಕ್ಕೆ ಬಹುಮಾನ ಎಂದುಕೊಳ್ಳುತ್ತದೆ. ಒಳಗೆ ಹೊಯ್ದಾಗ ಗದರಿದರೆ ಕಲಿಯುವುದು ಒಂದೇ: ನಿಮ್ಮ ಕಣ್ಣಿಗೆ ಬೀಳದಂತೆ ಸೋಫಾ ಹಿಂದೆ ಹೊಯ್ಯುವುದು. ಆ ಜಾಗವನ್ನು ಉಚ್ಚೆಯ ವಾಸನೆಯನ್ನೇ ಒಡೆದುಹಾಕುವ ಎಂಜೈಮ್ ಇರುವ ದ್ರಾವಣದಿಂದ ಒರೆಸಿ. ಅಮೋನಿಯಾ ಬೆರೆತದ್ದು ಬೇಡ, ಅದರ ವಾಸನೆಯೇ ಉಚ್ಚೆಯನ್ನು ಹೋಲುತ್ತದೆ.

ಆಟ ಬೇಡವೆಂದಲ್ಲ, ಆದರೆ ದಣಿಸಬೇಕಾದದ್ದು ಮೂಗು, ತಲೆ. ಒಂದು ಹೊತ್ತಿನ ಒಣ ಆಹಾರವನ್ನು ಸುಕ್ಕುಗಟ್ಟಿದ ಟವೆಲ್ಲಿನ ಮಡಿಕೆಗಳಲ್ಲಿ ಉದುರಿಸಿ ಹುಡುಕಲು ಬಿಡಿ. ಕೂರು, ಬಾ, ಬಿಡು ಇವನ್ನು ಒಮ್ಮೆಗೆ ಮೂರರಿಂದ ಐದು ನಿಮಿಷ ಕಲಿಸಿ ನಿಲ್ಲಿಸಿ. ಬೈಕಿನ ಪಕ್ಕ ಓಡಿಸುವುದು, ಎತ್ತರದಿಂದ ಹಾರಿಸುವುದು ಈಗಲೇ ಬೇಡ, ಮೂಳೆಯ ತುದಿಗಳು ಇನ್ನೂ ಬಲಿತಿರುವುದಿಲ್ಲ. ಹೊಸ ಸದ್ದು, ಹೊಸ ಮುಖಗಳ ಪರಿಚಯಕ್ಕೆ ಮಾತ್ರ ತಡಮಾಡಬೇಡಿ: ಅಂಜಿಕೆಯಿಲ್ಲದೆ ಒಗ್ಗಿಕೊಳ್ಳುವ ಕಾಲ ಹದಿನಾಲ್ಕು ವಾರದ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಲಸಿಕೆಗಳು ಮುಗಿಯುವವರೆಗೆ ನೆಲಕ್ಕೆ ಬಿಡದೆ ಎತ್ತಿಕೊಂಡು ಸುತ್ತಾಡಿಸಿ.

ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ, ಜೈಲಿಟಾಲ್ ಎಂಬ ಸಕ್ಕರೆ ಬದಲಿ ಸಿಹಿ ಇರುವ ಚೂಯಿಂಗ್ ಗಮ್ ಎಟುಕದಂತಿಡಿ. ಇಷ್ಟು ಕುಣಿಯುವ ಮರಿ ಒಂದು ದಿನ ಊಟ ಬಿಟ್ಟು ಸಪ್ಪಗೆ ಮಲಗಿತೇ, ಜೊತೆಗೆ ವಾಂತಿ ಅಥವಾ ರಕ್ತ ಬೆರೆತ ಭೇದಿಯೇ? ನಾಳೆ ನೋಡೋಣ ಎನ್ನದೆ ಅಂದೇ ಪಶುವೈದ್ಯರಿಗೆ ತೋರಿಸಿ.