ಜೇಕು, ಕಾಡುಸಾವೆ ಎರಡೂ ಎದ್ದ ಗದ್ದೆಗೆ ಕಳೆನಾಶಕ ಹೊಡೆಯುವ ಕ್ರಮ

ಆಲೂರಿನಿಂದ ಸ್ವಲ್ಪ ಒಳಗೆ, ವಾಟೆಹೊಳೆ ನಾಲೆಯ ನೀರಿನಲ್ಲಿ ನಮ್ಮದು ಒಂದು ಎಕರೆ ನಾಟಿ ಗದ್ದೆ. ಹಾಕುವುದು ತುಂಗಾ ಭತ್ತ. ಬೆಳಿಗ್ಗೆ ಏಳಕ್ಕೇ ಕಾಫಿ ತೋಟದ ಜೀಪು ಬಂದು ಆಳುಗಳನ್ನು ಸಕಲೇಶಪುರದ ಕಡೆ ಕರೆದೊಯ್ಯುತ್ತದೆ. ಕಳೆಗೆ ಉಳಿಯುವುದು ನಾನೂ ನನ್ನ ಹೆಂಡತಿಯೂ.

ಮೊದಲ ವರ್ಷ ಬರೀ ಸೈಹಲೋಫಾಪ್ ಬ್ಯುಟೈಲ್ ಹೊಡೆದೆ. ಅದು ಹುಲ್ಲಿಗೆ ಮಾತ್ರದ ಔಷಧಿ. ಕಾಡುಸಾವೆ ಒಣಗಿತು, ಬಿಟ್ಟ ಜಾಗವನ್ನೆಲ್ಲ ಜೇಕು, ಅಗಲ ಎಲೆಯ ಗರುಗ ಹಿಡಿದವು. ಸರಿಹೋಗಲೆಂದು ಇದಕ್ಕೆ ಅಗಲ ಎಲೆ ಕಳೆಯ ಔಷಧಿ 2,4-ಡಿ ಬೆರೆಸಬೇಡಿ, ಹುಲ್ಲು ಸಾಯುವುದೂ ಕಮ್ಮಿಯಾಗುತ್ತದೆ.

ಹಾಗಾಗಿ ಮೊದಲು ಗದ್ದೆಗಿಳಿದು ಏನೇನು ಎದ್ದಿದೆ ನೋಡಿ. ಬೆರಳಲ್ಲಿ ಹೊರಳಿಸಿದರೆ ಜೇಕಿನ ದಂಟು ಮೂರು ಮೂಲೆಯಾಗಿ ಸಿಗುತ್ತದೆ. ಎಲೆ ದಂಟಿಗೆ ಕೂಡುವಲ್ಲಿ ಭತ್ತಕ್ಕೆ ಬಿಳಿ ಪೊರೆ ಇರುತ್ತದೆ, ಕಾಡುಸಾವೆಗೆ ಇರುವುದಿಲ್ಲ.

ನಾಟಿಯಾದ ಮೂರು ದಿನದೊಳಗೆ ಬೆನ್‌ಸಲ್ಫ್ಯುರಾನ್ ಮೀಥೈಲ್ 0.6, ಪ್ರೆಟಿಲಾಕ್ಲೋರ್ 6 ಶೇಕಡಾ ಕೂಡಿದ ಹರಳು ಎಕರೆಗೆ 4 ಕೆ.ಜಿ. ಎರಚುತ್ತೇನೆ. ಒಂದು ಬಾಂಡ್ಲಿ ಮರಳಿಗೆ ಕಲಸಿಕೊಂಡರೆ ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಗದ್ದೆಯಲ್ಲಿ ತೆಳ್ಳಗೆ ನೀರು ನಿಂತಿರಬೇಕು, ನಾಲ್ಕು ದಿನ ನೀರು ಹೊರಬಿಡುವ ಮಡೆ ಒಡೆಯಬಾರದು. ಏಡಿ ಕೊರೆದ ಬದು ಮೊದಲೇ ಮೆತ್ತಿಕೊಳ್ಳಿ.

ಆಮೇಲೂ ಎದ್ದರೆ ನಾಟಿಯಾದ 15ರಿಂದ 20 ದಿನದೊಳಗೆ, ಕಳೆ ಎರಡು–ನಾಲ್ಕು ಎಲೆಯಲ್ಲಿರುವಾಗ, ಬಿಸ್ಪೈರಿಬ್ಯಾಕ್ ಸೋಡಿಯಂ 10 ಎಸ್‌ಸಿ (ಶೇಕಡಾ 10ರ ದ್ರವ) 80 ಮಿ.ಲೀ., ಜೊತೆಗೆ ಮೆಟ್‌ಸಲ್ಫ್ಯುರಾನ್ ಮೀಥೈಲ್, ಕ್ಲೋರಿಮ್ಯುರಾನ್ ಈಥೈಲ್ ಎರಡೂ ಇರುವ ಪುಡಿ 8 ಗ್ರಾಂ, ಒಂದು ಎಕರೆಗೆ. ಹದಿನಾರು ಲೀಟರಿನ ಎಂಟು ಟ್ಯಾಂಕಿಗೆ 8 ಗ್ರಾಮನ್ನು ಚಿಟಿಕೆಯಲ್ಲಿ ಹಂಚಲಾಗದು. ಎಂಟು ಲೋಟ ನೀರಲ್ಲಿ ಪುಡಿ ಪೂರ್ತಿ ಕರಗಿಸಿ, ಟ್ಯಾಂಕಿಗೊಂದು ಲೋಟ ಹಾಕಿ. ಬಿಸ್ಪೈರಿಬ್ಯಾಕ್ ಟ್ಯಾಂಕಿಗೆ 10 ಮಿ.ಲೀ. ಕೈಗವಸು, ಮುಖಕ್ಕೆ ಬಟ್ಟೆ ಇಲ್ಲದೆ ಡಬ್ಬಿ ಮುಚ್ಚಳ ತೆಗೆಯಬೇಡಿ. ಹುಳದ ಔಷಧಿಯ ನಾಜಲ್ ತೆಗೆದು ಚಪ್ಪಟೆಯಾಗಿ ಬೀಸುವ ನಾಜಲ್ ಹಾಕಿ. ಆರು ಗಂಟೆ ಮಳೆ ಬರದ ದಿನ ಬೇಕು. ನಮ್ಮ ಆಗಸ್ಟಿನಲ್ಲಿ ಅದಕ್ಕಾಗಿ ಕಾಯಲೇಬೇಕು.

ಇಷ್ಟು ಮಾಡಿಯೂ ಒಂದು ವರ್ಷ ಕೆಟ್ಟೆ. ಹೊಡೆಯುವ ಹಿಂದಿನ ದಿನ ನೀರು ಬಸಿದು ಕಳೆಯ ಎಲೆ ಬಯಲಾಗಬೇಕು, ನೀರಡಿ ಇರುವ ಎಲೆಗೆ ಔಷಧಿ ತಾಗುವುದಿಲ್ಲ. ಬಸಿದೆ, ಹೊಡೆದೆ, ಹಳದಿಯೂ ಆಯಿತು. ಆದರೆ ನಾಲೆಯ ಸರದಿ ನನಗೆ ಬಂದದ್ದು ಒಂಬತ್ತನೇ ದಿನ. ಅಷ್ಟರಲ್ಲಿ ಬಿರುಕು ಬಿಟ್ಟ ನೆಲದಲ್ಲಿ ಹೊಸ ಕಳೆ ಸೂಜಿಯಂತೆ ಎದ್ದಿತ್ತು. ಎರಡು–ಮೂರು ದಿನದಲ್ಲಿ ನೀರು ಕಟ್ಟಿ ವಾರ ನಿಲ್ಲಿಸಿದರೇ ಆ ಬೀಜ ಮೊಳೆಯದೆ ಕೂರುವುದು. ಈಗ ಮೊದಲು ನೀರಿನ ಸರದಿ ಕೇಳಿ, ಅದಕ್ಕೆ ಎರಡು ದಿನ ಹಿಂದೆ ಹೊಡೆಯುವ ದಿನ ಇಟ್ಟುಕೊಳ್ಳುತ್ತೇನೆ.

ಬಿಸ್ಪೈರಿಬ್ಯಾಕೂ ಈ ಪುಡಿಯೂ ಕಳೆಯೊಳಗಿನ ಒಂದೇ ಕಿಣ್ವವನ್ನು ತಡೆಯುವಂಥವು. ವರ್ಷವೂ ಇವನ್ನೇ ಹೊಡೆದರೆ ಕಳೆ ಒಗ್ಗಿಕೊಳ್ಳುತ್ತದೆ. ಪ್ರೆಟಿಲಾಕ್ಲೋರ್ ಕೆಲಸವೇ ಬೇರೆ, ಅದಕ್ಕೇ ಮೊದಲ ಹರಳನ್ನು ನಾನು ಬಿಡುವುದಿಲ್ಲ. ಇಷ್ಟರ ಮೇಲೂ ಉಳಿದ ಜೇಕನ್ನು ಹೂ ಬಿಡುವ ಮೊದಲೇ ಇಬ್ಬರೂ ಇಳಿದು ಕಿತ್ತುಬಿಡುತ್ತೇವೆ, ಅರ್ಧ ದಿನದ ಕೆಲಸ.