ಮಾನಪತ್ರಕ್ಕೆ ಮೊದಲು ಒಂದು ಸಂಜೆ

ಅಂಕೋಲಾ ತಾಲೂಕಿನ ನಮ್ಮೂರಿನಲ್ಲಿ ಯಾರಿಗೆ ಸನ್ಮಾನವಾದರೂ ಮಾನಪತ್ರ ಬರೆಯುವವಳು ನಾನು. ಕನ್ನಡ ಶಾಲೆಯ ಶಿಕ್ಷಕಿ ಎಂಬ ಕಾರಣಕ್ಕೆ ಮೊದಲ ಸಲ ಒಪ್ಪಿಸಿದರು. ಈಗ ನಾನೇ ಕೇಳಿ ಪಡೆಯುತ್ತೇನೆ.

ಮೊದಲನೆಯದನ್ನು ಬರೆದದ್ದು ಸೂಲಗಿತ್ತಿಯೊಬ್ಬರಿಗೆ. ‘ಕರುಣಾಮಯಿ’, ‘ತ್ಯಾಗಮೂರ್ತಿ’, ‘ನಿಸ್ವಾರ್ಥ ಸೇವೆಯ ಸಾಕಾರ’ ಎಂದು ಪುಟ ತುಂಬಿಸಿ, ಚೌಕಟ್ಟು ಹಾಕಿಸಿ, ವೇದಿಕೆಯಲ್ಲಿ ಗಟ್ಟಿಯಾಗಿ ಓದಿದೆ. ಶಾಲು, ಹಾರ, ಫಲತಾಂಬೂಲ ಮುಗಿದ ಮೇಲೆ ಆ ಅಜ್ಜಿ ನನ್ನ ಕೈ ಹಿಡಿದು, “ಅಕ್ಕೋರೇ, ನೀವು ಓದಿದ್ದು ಯಾರ ಸುದ್ದಿ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮಳೆಗಾಲದ ನಡುರಾತ್ರಿ ಗಂಗಾವಳಿಯನ್ನು ದೋಣಿಯಲ್ಲಿ ದಾಟಿ ಹೋಗಿ ಹೆರಿಗೆ ಮಾಡಿಸಿದವರು ಅವರು. ಆ ಹೊಳೆ, ಆ ದೋಣಿ, ಕೈಯಲ್ಲಿದ್ದ ಲಾಟೀನು ಒಂದೂ ನನ್ನ ಪತ್ರದಲ್ಲಿ ಇರಲಿಲ್ಲ. ಮರುವಾರ ಅವರ ಜಗುಲಿಯಲ್ಲಿ ಕುಳಿತು, ಎಲ್ಲವನ್ನೂ ಕೇಳಿಕೊಂಡು, ಹೊಸದಾಗಿ ಬರೆದುಕೊಟ್ಟೆ.

ಅಂದಿನಿಂದ ಮನೆಗೆ ಹೋಗಿ ಒಂದು ಸಂಜೆ ಕೂರದೆ ಒಂದಕ್ಷರವನ್ನೂ ಬರೆಯುವುದಿಲ್ಲ. ‘ನಿಮ್ಮ ಸಾಧನೆ ಏನು’ ಎಂದರೆ ನಮ್ಮ ಕಡೆಯವರು ‘ನಾನೇನು ಮಾಡಿದ್ದೇನೆ’ ಎಂದು ಚಹಾ ತರಲು ಎದ್ದು ಹೋಗುತ್ತಾರೆ. ಕೆಲಸವನ್ನು ಕೇಳಬೇಕು. ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದ ಹಿರಿಯ ಮೀನುಗಾರರೊಬ್ಬರನ್ನು ‘ಇದನ್ನು ಯಾರಿಂದ ಕಲಿತಿರಿ’ ಎಂದು ಕೇಳಿದ್ದೇ ತಡ, ಕತ್ತಲಾಗುವವರೆಗೂ ಮಾತಾಡಿದರು. ಕೊನೆಗೆ ಅವರು, “ರಂಪಣಿ ಒಬ್ಬನ ಬಲೆಯಲ್ಲ. ನನ್ನ ಹೆಸರು ಮಾತ್ರ ಬರೆದರೆ ದಡದಲ್ಲಿ ಹಗ್ಗ ಎಳೆದವರು ಏನಾಗಬೇಕು?” ಎಂದರು. ಸಭೆಯ ದಿನ ಹಗ್ಗ ಎಳೆದವರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿದೆವು. ಮಾನಪತ್ರದಲ್ಲಿ ಅವರ ಹೆಸರುಗಳೂ ಇದ್ದವು.

ನಮ್ಮದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಪಡೆಯಲು ಬರಿಗಾಲಿನಲ್ಲಿ ನಡೆದು ಬಂದಾಗ ಎಲ್ಲೆಡೆ ಆ ಬರಿಗಾಲಿನದೇ ಮಾತು. ನಾನೂ ಕಣ್ಣೊರೆಸಿಕೊಂಡೆ. ಆದರೆ ಅವರ ವಿದ್ಯೆ ಇದ್ದದ್ದು ಕಣ್ಣಿನಲ್ಲಿ, ಕೈಯಲ್ಲಿ: ಕಾಡಿನ ತಾಯಿಮರವನ್ನು ಗುರುತಿಸುವುದು, ಅದರ ಬೀಜವನ್ನು ಹೊತ್ತರಿತು ಆಯುವುದು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಸಸಿ ಎಬ್ಬಿಸುವುದು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಮಕ್ಕಳಿಗೆ ಇದನ್ನೇ ಹೇಳಿದೆ. ಶಾಲೆಯ ಹಿಂದಿನ ಮರಗಳ ಹೆಸರು ಕೇಳಿಕೊಂಡು ಅವರು ಊರೆಲ್ಲ ಸುತ್ತಿದರು.

ಎಲ್ಲಕ್ಕಿಂತ ಕಷ್ಟವಾದದ್ದು ಸಹೋದ್ಯೋಗಿಯೊಬ್ಬರ ಮಾನಪತ್ರ. ನಾನೂ ಅರ್ಜಿ ಹಾಕಿದ್ದ ಪ್ರಶಸ್ತಿ ಅವರಿಗೆ ಬಂದಿತ್ತು. ಹೊಟ್ಟೆಯಲ್ಲಿ ಕಿಚ್ಚಿತ್ತು, ಎರಡು ದಿನ ಪೆನ್ನು ಮುಟ್ಟಲಿಲ್ಲ. ಇಂಥ ಹೊತ್ತಿನಲ್ಲಿ ಹೊಗಳಿಕೆಯ ಹಳೆಯ ಪದಗಳು ಬಹಳ ಸುಲಭವಾಗಿ ಕೈಗೆ ಸಿಗುತ್ತವೆ, ಅದು ನನಗೆ ಗೊತ್ತಿತ್ತು. ಮೂರನೆಯ ದಿನ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತೆ. ಮನೆಯಲ್ಲಿ ಕೊಂಕಣಿ ಮಾತಾಡುವ ಹುಡುಗನೊಬ್ಬ ಕನ್ನಡದಲ್ಲಿ ಬಾಯಿ ಬಿಡಲು ಅಂಜುತ್ತಿದ್ದ. ಅವರು ಅವನಿಂದ ಕಥೆಯನ್ನು ಮೊದಲು ಕೊಂಕಣಿಯಲ್ಲಿ ಹೇಳಿಸಿ, ಆಮೇಲೆ ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಂದರು. ಅರ್ಧ ಗಂಟೆಯಲ್ಲಿ ಅವನು ಕರಿಹಲಗೆಯ ಮುಂದೆ ನಿಂತು ಕನ್ನಡದಲ್ಲಿ ಕಥೆ ಹೇಳಿದ.

ಮಾನಪತ್ರದಲ್ಲಿ ಆ ಅರ್ಧ ಗಂಟೆಯನ್ನೇ ಬರೆದೆ. ಓದಿ ಕೊಡುವಾಗ ನನ್ನ ದನಿ ನಡುಗಿತು, ಸಂತೋಷಕ್ಕೆ. ಈಗ ನನ್ನ ತರಗತಿಯ ಮಕ್ಕಳೂ ಕಥೆಯನ್ನು ಮೊದಲು ಮನೆಮಾತಿನಲ್ಲಿ ಹೇಳುತ್ತಾರೆ.