ಫ್ರೇಮ್‌ವರ್ಕ್ ಎಷ್ಟು ಲೋಡ್ ತಡೀತದ? ಹಿಂಗ ಅಳೀರಿ

ಬೆಳಗಾವ್ಯಾಗ ವಿಟಿಯು ರಿಸಲ್ಟ್ ಬಿಟ್ಟ ಹೊತ್ತಿಗೆ ಹುಡುಗ್ರೆಲ್ಲ ಒಮ್ಮೆಲೇ ಪೇಜ್ ತೆಗೀತಾರಲ್ಲ, ಅಂಥಾ ಟ್ರಾಫಿಕ್ಕಿಗೆ ಆ್ಯಪ್ ಕಟ್ಟೋರು ‘ಹೆಲೋ ವರ್ಲ್ಡ್’ ಬೆಂಚ್‌ಮಾರ್ಕ್ (ಬರೀ ಒಂದು ಸಾಲಿನ ಉತ್ತರ ಕಳಸೋ ವೇಗದ ಪರೀಕ್ಷೆ) ನೋಡಿ ಫ್ರೇಮ್‌ವರ್ಕ್ (ಆ್ಯಪ್ ಕಟ್ಟಾಕ ಬಳಸೋ ಸಿದ್ಧ ಕೋಡಿನ ಚೌಕಟ್ಟು) ಆರಿಸಬ್ಯಾಡ್ರಿ. ಅದರಾಗ ಡೇಟಾಬೇಸೂ ಇಲ್ಲ, ಲಾಗಿನ್ನೂ ಇಲ್ಲ. ನಿಮ್ಮ ಆ್ಯಪಿನ ಎಲ್ಲಕ್ಕಿಂತ ಭಾರದ ಎಂಡ್‌ಪಾಯಿಂಟನ್ನ (ರಿಕ್ವೆಸ್ಟ್ ಬಂದು ಮುಟ್ಟೋ ವಿಳಾಸ) ನೀವು ಹೋಲಿಸೋ ಎರಡೂ ಫ್ರೇಮ್‌ವರ್ಕಿನ್ಯಾಗ ಬರದು, ಅಸಲಿಗೆ ಇರೋವಷ್ಟು ಡೇಟಾ ತುಂಬಿ ಹೋಲಿಸ್ರಿ.

ಲೋಡ್ ಕೊಡೋ ಮಷೀನ್ ಬ್ಯಾರೇನ ಇರಲಿ. ಡಿಬಗ್ ಮೋಡ್ ಆಫ್. ಮೊದಲ 2 ನಿಮಿಷದ ಅಂಕಿ ಕೈಬಿಡ್ರಿ, ಜಾವಾದಾಗಂತೂ ಕೋಡ್ ಸ್ವಲ್ಪ ಹೊತ್ತು ಓಡಿ ಬಿಸಿ ಆದ ಮ್ಯಾಲೇ ಖರೇ ವೇಗ ಕಾಣ್ತದ. ಆಮ್ಯಾಲೆ 10 ನಿಮಿಷ ಓಡಿಸ್ರಿ.

ಕೆ6 (ಲೋಡ್ ಕೊಟ್ಟು ಅಳೆಯೋ ಟೂಲ್) ಬಳಸೋರು ‘ಕಾನ್‌ಸ್ಟಂಟ್ ಅರೈವಲ್ ರೇಟ್’ (ಸೆಕೆಂಡಿಗೆ ಇಷ್ಟೇ ಅಂತ ಒಂದೇ ವೇಗದಾಗ ರಿಕ್ವೆಸ್ಟ್ ಕಳಸೋದು) ಇಡ್ರಿ, ಇದು ಬಾಳ ಮುಖ್ಯ. ಬಳಕೆದಾರರ ಸಂಖ್ಯೆ ಅಷ್ಟೇ ಕೊಟ್ರ, ಸರ್ವರ್ ನಿಧಾನಾದಾಗ ಟೂಲೂ ಉತ್ತರಕ್ಕ ಕಾಯ್ಕೋತ ಕುಂತು ಕಡಿಮಿ ರಿಕ್ವೆಸ್ಟ್ ಕಳಸ್ತದ; ತಡ ಆದದ್ದು ರಿಪೋರ್ಟಿನ್ಯಾಗ ಮುಚ್ಚಿಹೋಗ್ತದ. ಸರಾಸರಿ ಬಿಟ್ಟು ಪಿ99 (ನೂರರಾಗ 99 ರಿಕ್ವೆಸ್ಟ್ ಎಷ್ಟು ಹೊತ್ತಿನೊಳಗ ಮುಗೀತಾವ ಅನ್ನೋ ಅಂಕಿ) ನೋಡ್ರಿ. ಸರಾಸರಿ 40 ಮಿಲಿಸೆಕೆಂಡ್ ಇದ್ರೂ ನೂರರಾಗ ಒಬ್ಬರು 3 ಸೆಕೆಂಡ್ ಕಾಯ್ತಿರಬಹುದು.

ಬಾಳ ಸಲ ತಪ್ಪು ಫ್ರೇಮ್‌ವರ್ಕಿಂದಲ್ಲ, ಕನೆಕ್ಷನ್ ಪೂಲಿಂದು (ಡೇಟಾಬೇಸಿಗೆ ತೆರೆದಿಟ್ಟು ಮತ್ತ ಮತ್ತ ಬಳಸೋ ಕನೆಕ್ಷನ್ನಿನ ಗುಂಪು). ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೀಫಾಲ್ಟ್ ಮಿತಿ 100 ಕನೆಕ್ಷನ್. 8 ವರ್ಕರ್ (ಆ್ಯಪ್ ಓಡಿಸೋ ಪ್ರೊಸೆಸ್), ಒಂದೊಂದಕ್ಕ 20ರ ಪೂಲ್ ಅಂದ್ರ 160. ಲೋಡ್ ಏರಿದ ಕೂಡಲೇ ಎರರ್ ಸುರು. ಲೆಕ್ಕ ಸರಳ ಅದ: ಸೆಕೆಂಡಿಗೆ 500 ರಿಕ್ವೆಸ್ಟ್, ಒಂದೊಂದು 20 ಮಿಲಿಸೆಕೆಂಡ್ ಕನೆಕ್ಷನ್ ಹಿಡದ್ರ, ಸರಾಸರಿ 10 ಕನೆಕ್ಷನ್ ಅಷ್ಟೇ ಕೆಲಸದಾಗ ಇರ್ತಾವ. ಒಟ್ಟು 20–30 ಇಟ್ಟು ಸುರು ಮಾಡ್ರಿ, ಪೂಲಿಗೆ ಕಾಯೋ ಸಮಯ ಏರಿದ್ರ ಮಾತ್ರ ಹೆಚ್ಚಸ್ರಿ.